ನೋಂದಣಿಯ ಅವಧಿ ಮೀರಿದ ವಾಹನವೂ ಬಂಧನದ ಭಯವೂ

(ಅಂತಿಮ ಬಿ.ಎ. ವಿದ್ಯಾರ್ಥಿ)

ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಎತ್ತಿನ ಗಾಡಿಯಿಲ್ಲದ ಮನೆಗಳು ಇಂದು ಬೇಕಾದಷ್ಟಿವೆ. ಮೊಪೆಡ್ಡೋ ಮೋಟಾರು ಬೈಕೋ ಇಲ್ಲದ ಮನೆ ಅಪರೂಪ. ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಚಿಂತಾಮಣಿಯ ಕಡೆ ಟೊಮೇಟೊ, ಗೌರಿಬಿದನೂರಿನ ಕಡೆ ಮುಸುಕಿನ ಜೋಳದ ಮೂಟೆ, ಚಿಕ್ಕಬಳ್ಳಾಪುರದ ಕಡೆ ಹೂವಿನ ಚೀಲ, ಎಲ್ಲವನ್ನೂ ಹೊರುವುದು ಈ ಎರಡು ಚಕ್ರಗಳೇ. ಎತ್ತಿಗೆ ವಯಸ್ಸಾದುದನ್ನು ನಮ್ಮ ಹಿರಿಯರು ಹಲ್ಲು ಎಣಿಸಿ ಹೇಳಬಲ್ಲರು. ಗಾಡಿಗೆ ವಯಸ್ಸಾದುದನ್ನು ಮಾತ್ರ ಕಾಗದ ಓದಿಯೇ ತಿಳಿಯಬೇಕು. ಆ ಕಾಗದವೋ ಪೆಟ್ಟಿಗೆಯ ತಳದಲ್ಲಿ ಪಹಣಿಯ ಜೊತೆಗೆ ಮಲಗಿರುತ್ತದೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದಕಾರಣ ಸರ್ಕಾರದ ಮೊಹರು ಬಿದ್ದ ಯಾವ ಕಾಗದವಾದರೂ ಸುತ್ತಿ ಸುಳಿದು ನನ್ನ ಕೈಗೇ ಬರುತ್ತದೆ. ಅಂಥ ಒಂದು ಕಾಗದದಿಂದಲೇ ಈ ಲೇಖನದ ಪ್ರಶ್ನೆಯೂ ಹುಟ್ಟಿತು: ನೋಂದಣಿಯ ಅವಧಿ ಮುಗಿದ ವಾಹನವನ್ನು ಓಡಿಸಿದವನನ್ನು ಪೊಲೀಸರು ಬಂಧಿಸಬಹುದೆ? ಹಳ್ಳಿಯ ಕಟ್ಟೆಯ ಮೇಲೆ ಇದಕ್ಕೆ ಒಂದೇ ಉತ್ತರ: "ಒಳಗೆ ಹಾಕ್ತಾರೆ." ಕಾನೂನಿನ ಪುಸ್ತಕದಲ್ಲಿರುವ ಉತ್ತರ ಬೇರೆ. ಈ ಎರಡು ಉತ್ತರಗಳ ನಡುವಣ ಅಂತರದಲ್ಲಿ ಬಡವನು ಎಷ್ಟನ್ನು ಕಳೆದುಕೊಳ್ಳುತ್ತಾನೆ ಎಂಬುದನ್ನು ತೋರಿಸುವುದೇ ನನ್ನ ಉದ್ದೇಶ.

ನೋಂದಣಿಯೆಂದರೇನು?

ಮೋಟಾರು ವಾಹನಗಳನ್ನು ಕುರಿತು ಬ್ರಿಟಿಷ್ ಇಂಡಿಯಾದಲ್ಲಿ ೧೯೧೪ರಲ್ಲಿ ಒಂದು ಕಾನೂನು ಬಂದಿತು. ೧೯೩೯ರಲ್ಲಿ ಅದಕ್ಕೆ ಬದಲಾಗಿ ಮತ್ತೊಂದು ಬಂದಿತು. ಈಗ ನಡೆಯುತ್ತಿರುವುದು ೧೯೮೮ರ ಮೋಟಾರು ವಾಹನಗಳ ಅಧಿನಿಯಮ. ಅದು ೧೯೮೯ರ ಜುಲೈ ೧ರಿಂದ ಜಾರಿಯಲ್ಲಿದೆ. ನೋಂದಣಿಯಾಗದ ವಾಹನವನ್ನು ಯಾರೂ ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದು, ಓಡಿಸಲು ಬಿಡಲೂಕೂಡದು ಎಂದು ಅದರ ೩೯ನೆಯ ಕಲಂ ವಿಧಿಸುತ್ತದೆ. ಗಾಡಿ ಯಾರದು, ಅದರ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳೇನು ಎಂಬುದು ಸರ್ಕಾರದ ದಾಖಲೆಯಲ್ಲಿದ್ದರೆ ತಾನೆ ಕಳವಾದಾಗ ಹುಡುಕಲು, ಅಪಘಾತವಾದಾಗ ಹೊಣೆ ಹೊರಿಸಲು ಸಾಧ್ಯ? ನಮ್ಮ ಗಾಡಿಗಳ ಮೇಲೆ ಕಾಣುವ "ಕೆ.ಎ. ೪೦" ಚಿಕ್ಕಬಳ್ಳಾಪುರದ ಸಾರಿಗೆ ಕಛೇರಿಯ ಗುರುತು, "ಕೆ.ಎ. ೬೭" ಚಿಂತಾಮಣಿಯದು.

ಸ್ವಂತ ಬಳಕೆಯ ವಾಹನದ ನೋಂದಣಿ ಪತ್ರಕ್ಕೆ ೪೧ನೆಯ ಕಲಮಿನ ಪ್ರಕಾರ ೧೫ ವರ್ಷಗಳ ಆಯುಸ್ಸು. ಅನಂತರ ಗಾಡಿಯನ್ನು ಪರೀಕ್ಷೆಗೆ ಒಪ್ಪಿಸಿ ಐದು ವರ್ಷಗಳಿಗೆ ನವೀಕರಿಸಿಕೊಳ್ಳಬಹುದು. ನವೀಕರಿಸದಿದ್ದರೆ? ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ೫೨ನೆಯದು ಇದಕ್ಕೆ ಸ್ಪಷ್ಟವಾಗಿ ಉತ್ತರ ಹೇಳುತ್ತದೆ: ಅವಧಿ ತೀರಿದ ವಾಹನವನ್ನು ನೋಂದಣಿಯಾದ ವಾಹನವೆಂದು ಭಾವಿಸತಕ್ಕದ್ದಲ್ಲ. ಅಂದರೆ, ನಿನ್ನೆ ರಾತ್ರಿಯವರೆಗೆ ಸಕ್ರಮವಾಗಿದ್ದ ಗಾಡಿ ಇಂದು ಬೆಳಗ್ಗೆ ನೋಂದಣಿಯೇ ಆಗದ ಗಾಡಿಗೆ ಸಮ. ಬಾಡಿಗೆಗೆ ಸರಕು ಹೊರುವ ವಾಹನಗಳಿಗೆ ನಿಯಮ ಇನ್ನೂ ಬಿಗಿ. ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಅವು ಎಫ್.ಸಿ., ಎಂದರೆ ಅರ್ಹತಾ ಪತ್ರ, ಪಡೆಯಬೇಕು. ಅದಿಲ್ಲದ ವಾಹನದ ನೋಂದಣಿ ಊರ್ಜಿತವಲ್ಲವೆಂದು ೫೬ನೆಯ ಕಲಂ ಹೇಳುತ್ತದೆ.

ಶಿಕ್ಷೆ ಯಾವುದು?

ಈ ತಪ್ಪಿಗೆ ಶಿಕ್ಷೆಯನ್ನು ೧೯೨ನೆಯ ಕಲಂ ಗೊತ್ತುಮಾಡಿದೆ. ಮೊದಲ ಸಲದ ತಪ್ಪಿಗೆ ಕನಿಷ್ಠ ₹೨,೦೦೦, ಗರಿಷ್ಠ ₹೫,೦೦೦ ದಂಡ. ಮೊದಲ ಸಲಕ್ಕೆ ಸೆರೆಮನೆಯ ಮಾತೇ ಅಲ್ಲಿಲ್ಲ. ಅದೇ ತಪ್ಪನ್ನು ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಸೆರೆ, ಅಥವಾ ₹೫,೦೦೦ದಿಂದ ₹೧೦,೦೦೦ದವರೆಗೆ ದಂಡ, ಅಥವಾ ಎರಡೂ. ಆದರೆ ಆ ಸೆರೆಯನ್ನು ವಿಧಿಸಬೇಕಾದವರು ವಿಚಾರಣೆ ನಡೆಸಿದ ನ್ಯಾಯಾಧೀಶರು, ರಸ್ತೆಯ ಬದಿಯಲ್ಲಿ ನಿಂತ ಪೊಲೀಸರಲ್ಲ. ಈ ಅಪರಾಧವು ಜಾಮೀನು ಕೊಡಲೇಬೇಕಾದ ವರ್ಗಕ್ಕೆ ಸೇರಿದುದು ಎಂಬುದೂ ಗಮನಾರ್ಹ.

ಇದೇ ಕಲಮಿನಲ್ಲಿ ಹೆಚ್ಚು ಜನರಿಗೆ ತಿಳಿಯದ ಒಂದು ವಿನಾಯಿತಿಯಿದೆ. ರೋಗಿಯನ್ನೋ ಗಾಯಗೊಂಡವರನ್ನೋ ತುರ್ತಾಗಿ ಸಾಗಿಸಲು, ಇಲ್ಲವೆ ಸಂಕಟದಲ್ಲಿರುವವರಿಗೆ ಆಹಾರ, ಔಷಧ ತಲುಪಿಸಲು ಅಂಥ ವಾಹನವನ್ನು ಬಳಸಿದರೆ ಅದು ಶಿಕ್ಷಾರ್ಹವಲ್ಲ. ಆದರೆ ಏಳು ದಿನಗಳೊಳಗೆ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಮಧ್ಯರಾತ್ರಿ ಪಕ್ಕದ ಮನೆಯವರಿಗೆ ಎದೆನೋವು ಬಂದಾಗ ಅವಧಿ ಮೀರಿದ ಗಾಡಿಯೊಂದೇ ಕೈಗೆ ಸಿಕ್ಕರೆ ಕಾನೂನು ಅಡ್ಡ ನಿಲ್ಲುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಈ ಮಾತು ತಿಳಿದಿರುವುದು ಬಹಳ ಮುಖ್ಯ.

ಬಂಧನ ಯಾವಾಗ?

ಈಗ ಮೂಲ ಪ್ರಶ್ನೆಗೆ ಬರೋಣ. ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನು ಈ ಅಧಿನಿಯಮದ ೨೦೨ನೆಯ ಕಲಂ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಕೊಟ್ಟಿದೆ. ಆದರೆ ಅದಕ್ಕೆ ಮೂರೇ ಅಪರಾಧಗಳನ್ನು ಹೆಸರಿಸಿದೆ: ಅಪಾಯಕಾರಿಯಾಗಿ ವಾಹನ ನಡೆಸುವುದು, ಮದ್ಯ ಅಥವಾ ಮಾದಕ ವಸ್ತುವಿನ ಅಮಲಿನಲ್ಲಿ ನಡೆಸುವುದು, ಇನ್ನೊಬ್ಬರ ವಾಹನವನ್ನು ಅನುಮತಿಯಿಲ್ಲದೆ ಒಯ್ಯುವುದು. ಅದೂ ಅಧಿಕಾರಿಯ ಕಣ್ಣೆದುರಿಗೆ ನಡೆದಾಗ. ಅವಧಿ ಮೀರಿದ ನೋಂದಣಿ ಈ ಪಟ್ಟಿಯಲ್ಲಿಲ್ಲ.

ಆದರೆ ಅದೇ ಕಲಮಿನ ಎರಡನೆಯ ಭಾಗವನ್ನು ಮರೆಯಕೂಡದು. ಈ ಅಧಿನಿಯಮದ ಯಾವುದೇ ಅಪರಾಧ ಮಾಡಿದವನು ತನ್ನ ಹೆಸರನ್ನೂ ವಿಳಾಸವನ್ನೂ ಹೇಳಲು ನಿರಾಕರಿಸಿದರೆ ಅವನನ್ನು ವಾರಂಟ್ ಇಲ್ಲದೆ ಬಂಧಿಸಬಹುದು. ಇದರಲ್ಲಿರುವ ವಿಪರ್ಯಾಸವನ್ನು ಮಿತ್ರರು ಗಮನಿಸಬೇಕು. ಹಗ್ಗವನ್ನು ಹಾವೆಂದು ಭ್ರಮಿಸಿದವನು ಓಡಲು ಹೋಗಿ ನಿಜವಾಗಿಯೂ ಹಳ್ಳಕ್ಕೆ ಬೀಳುವಂತೆ, ಬಂಧಿಸುತ್ತಾರೆಂಬ ಭಯದಿಂದ ಹೆಸರು ಹೇಳದೆ ಬಾಯಿ ಮುಚ್ಚಿಕೊಂಡವನೇ ಬಂಧನಕ್ಕೆ ಗುರಿಯಾಗುತ್ತಾನೆ. ದಂಡದಲ್ಲಿ ಮುಗಿಯುವ ಸಂಗತಿಯನ್ನು ಬಂಧನಕ್ಕೆ ತಿರುಗಿಸುವುದು ಅನೇಕ ವೇಳೆ ಅಜ್ಞಾನವೇ. ಹಾಗೊಂದು ವೇಳೆ ಬಂಧನವಾದರೂ, ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಅವಕಾಶ ಕೊಡಬೇಕು, ಪ್ರಯಾಣದ ಕಾಲ ಬಿಟ್ಟು ೨೪ ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ನಮ್ಮ ಸಂವಿಧಾನದ ೨೨ನೆಯ ಅನುಚ್ಛೇದ ಹೇಳುತ್ತದೆ.

ಎಲ್ಲ ದೇಶಗಳೂ ಈ ವಿಷಯದಲ್ಲಿ ಒಂದೇ ದಾರಿ ಹಿಡಿದಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ೧೯೯೭ರಲ್ಲಿ ಗೇಲ್ ಅಟ್‌ವಾಟರ್ ಎಂಬ ತಾಯಿಯನ್ನು, ತಾವೂ ಸೀಟ್ ಬೆಲ್ಟ್ ಹಾಕದೆ ಮಕ್ಕಳಿಗೂ ಹಾಕಿಸಿರಲಿಲ್ಲವೆಂಬ ಕಾರಣಕ್ಕೆ, ಕೈಕೋಳ ತೊಡಿಸಿ ಠಾಣೆಗೆ ಒಯ್ದರು. ಆ ತಪ್ಪಿಗಿದ್ದ ಗರಿಷ್ಠ ಶಿಕ್ಷೆ ೫೦ ಡಾಲರ್ ದಂಡ ಮಾತ್ರ. ಆದರೂ ಆ ಬಂಧನ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ೨೦೦೧ರಲ್ಲಿ ೫-೪ರ ಬಹುಮತದಿಂದ ತೀರ್ಪಿತ್ತಿತು. ದಂಡದಿಂದ ಮುಗಿಯುವ ಸಣ್ಣ ತಪ್ಪಿಗೂ ಅಲ್ಲಿ ಹೀಗೆ ಬಂಧಿಸಬಹುದಾಗಿದೆ. ನಮ್ಮ ಕಾನೂನಾದರೋ ಬಂಧನಕ್ಕೆ ತಕ್ಕ ತಪ್ಪುಗಳನ್ನು ಎಣಿಸಿ ಇಟ್ಟಿದೆ. ಈ ರಕ್ಷಣೆ ಕಾಗದದ ಮೇಲಿದ್ದರೆ ಸಾಲದು, ಅದು ಇರುವುದು ನಮಗೆ ತಿಳಿದಿರಬೇಕು.

ಗಾಡಿಯ ಬಂಧನ

ಹಾಗಾದರೆ ಕಟ್ಟೆಯ ಮಾತು ಪೂರ್ತಿ ಸುಳ್ಳೆ? ಅಲ್ಲ. ಬಂಧನವುಂಟು, ಆದರೆ ಅದು ಮನುಷ್ಯನಿಗಲ್ಲ, ಗಾಡಿಗೆ. ೩೯ನೆಯ ಕಲಮಿಗೆ ವಿರುದ್ಧವಾಗಿ ಓಡುತ್ತಿರುವ ವಾಹನವನ್ನು ವಶಪಡಿಸಿಕೊಂಡು ತಡೆಹಿಡಿಯುವ ಅಧಿಕಾರವನ್ನು ೨೦೭ನೆಯ ಕಲಂ ಕೊಟ್ಟಿದೆ. ಮಾಲೀಕನು ತಕ್ಕ ದಾಖಲೆಗಳೊಡನೆ ಅರ್ಜಿ ಸಲ್ಲಿಸಿದರೆ, ಪರಿಶೀಲಿಸಿ, ಷರತ್ತುಗಳ ಮೇಲೆ ಬಿಡುಗಡೆ ಮಾಡಬಹುದು. ಠಾಣೆಯ ಅಂಗಳದಲ್ಲಿ ಮಳೆಬಿಸಿಲಿಗೆ ತುಕ್ಕು ಹಿಡಿಯುವ ಗಾಡಿಗಳನ್ನು ನಾವೆಲ್ಲರೂ ಕಂಡಿದ್ದೇವೆ. ಸಂಬಳದವರಿಗೆ ಅದೊಂದು ತೊಂದರೆ. ದಿನಗೂಲಿಯವನಿಗೆ, ಹುಳು ಸಾಕುವವನಿಗೆ, ಅದು ದುಡಿಯುವ ಕೈಯನ್ನೇ ಕಟ್ಟಿಹಾಕಿದಂತೆ.

ನನ್ನ ಚಿಕ್ಕಪ್ಪನವರ ಮೊಪೆಡ್ಡಿಗೆ ೨೦೨೪ರಲ್ಲಿ ೧೫ ವರ್ಷ ತುಂಬಿತು. ಯಾರೋ ಸಂತೆಯಲ್ಲಿ ಹೆದರಿಸಿದರು. ಅವರು ಕಾರ್ಡನ್ನು ತಂದು, "ಏನಪ್ಪಾ, ಬಿ.ಎ. ಓದ್ತಿದೀಯಲ್ಲ, ಇದ್ರಾಗೆ ಏನೈತೆ ನೋಡು. ನನ್ನ ಹಿಡ್ಕೊಂಡು ಹೋಗ್ತಾರಂತೆ" ಎಂದರು. ಅಷ್ಟು ಹೊತ್ತಿಗೆ ಗಾಡಿಯನ್ನು ಹುಲ್ಲಿನ ಮೆದೆಯ ಹಿಂದೆ ನಿಲ್ಲಿಸಿ ಮೂರು ತಿಂಗಳಾಗಿತ್ತು. ಆ ಮೂರು ತಿಂಗಳೂ ಸೊಪ್ಪನ್ನು ತಲೆಯ ಮೇಲೆ ಹೊತ್ತರು. ರೇಷ್ಮೆ ಗೂಡನ್ನು, ಚಿಟ್ಟೆ ಹೊರಬೀಳುವ ಮೊದಲೇ ಮಾರಬೇಕಾದ ಆ ಗೂಡನ್ನು, ಶಿಡ್ಲಘಟ್ಟದ ಮಾರುಕಟ್ಟೆಗೆ ಬಾಡಿಗೆ ಆಟೋದಲ್ಲಿ ಸಾಗಿಸಿದರು. ಅವರನ್ನು ಯಾರೂ ಬಂಧಿಸಲಿಲ್ಲ. ಬಂಧನದ ಮಾತೇ ಅವರನ್ನು ಕಟ್ಟಿಹಾಕಿತ್ತು. ನವೀಕರಣದ ಹಣಕ್ಕಿಂತ ಆಟೋ ಬಾಡಿಗೆಯೇ ಹೆಚ್ಚಾಯಿತು.

ಇನ್ನೊಂದು ನಷ್ಟವನ್ನು ಇಲ್ಲಿ ಹೇಳಲೇಬೇಕು. ಹೊಸ ವಾಹನವೊಂದರ ತಾತ್ಕಾಲಿಕ ನೋಂದಣಿ ಮುಗಿದ ಸುಮಾರು ಮೂರು ವಾರಗಳ ಮೇಲೆ ೨೦೦೬ರಲ್ಲಿ ಅಪಘಾತವಾಯಿತು. ನೋಂದಣಿಯಿಲ್ಲದೆ ಓಡಿಸಿದುದು ವಿಮೆಯ ಕರಾರನ್ನು ಮೂಲತಃ ಮುರಿದಂತೆ ಎಂದು ನರೀಂದರ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ಹೇಳಿತು. ಮಾಲೀಕನಿಗೆ ಪರಿಹಾರ ದೊರೆಯಲಿಲ್ಲ. ತಾತ್ಕಾಲಿಕ ನೋಂದಣಿ ತೀರಿದ ಮೇಲೆ ಕಳವಾದ ವಾಹನದ ವಿಷಯದಲ್ಲಿಯೂ ೨೦೨೧ರಲ್ಲಿ, ಸುಶೀಲ್ ಕುಮಾರ್ ಗೋದಾರಾ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯ ಇದೇ ಹಾದಿ ಹಿಡಿಯಿತು. ವಿಮೆಯ ಕಂತು ಕಟ್ಟಿದ್ದರೂ ನೋಂದಣಿ ಸತ್ತಿದ್ದರೆ ಕೈಗೆ ಬರುವುದು ಶೂನ್ಯವಾಗಬಹುದು.

ಮಾಡಬೇಕಾದುದೇನು?

ಅವಧಿ ಮುಗಿಯುವುದಕ್ಕೆ ೬೦ ದಿನಗಳ ಮುಂಚಿನಿಂದಲೇ ೨೫ನೆಯ ನಮೂನೆಯಲ್ಲಿ ನವೀಕರಣಕ್ಕೆ ಅರ್ಜಿ ಕೊಡಬಹುದು. ೨೦೨೨ರ ಏಪ್ರಿಲ್ ೧ರಿಂದ ಜಾರಿಗೆ ಬಂದ ದರದಂತೆ ದ್ವಿಚಕ್ರ ವಾಹನದ ನವೀಕರಣಕ್ಕೆ ₹೧,೦೦೦, ಕಾರಿಗೆ ₹೫,೦೦೦. ತಡವಾದರೆ ದ್ವಿಚಕ್ರಕ್ಕೆ ತಿಂಗಳಿಗೆ ₹೩೦೦, ಸ್ವಂತ ಬಳಕೆಯ ಇತರ ವಾಹನಗಳಿಗೆ ತಿಂಗಳಿಗೆ ₹೫೦೦ ಹೆಚ್ಚುವರಿ. ೨೦ ವರ್ಷ ಮೀರಿದ ಗಾಡಿಗಳಿಗೆ ೨೦೨೫ರ ಆಗಸ್ಟಿನಲ್ಲಿ ದರವನ್ನು ಇನ್ನೂ ಏರಿಸಲಾಯಿತು. ತಡ ಮಾಡಿದಷ್ಟೂ ಸಾಲದ ಬಡ್ಡಿಯಂತೆ ಅದು ಬೆಳೆಯುತ್ತದೆ.

ಈ ದರ ಬಡವನಿಗೆ ಹೊರೆಯಲ್ಲವೆ ಎಂದು ಕೇಳಬಹುದು. ಹೊರೆಯೇ ಸರಿ. ಹಳೆಯ ಗಾಡಿಯನ್ನು ಇಟ್ಟುಕೊಳ್ಳುವವನು ಹೊಸದನ್ನು ಕೊಳ್ಳಲಾರದವನೇ ಅಲ್ಲವೆ? ಆದರೆ ಹಿಡಿಯದ ಬ್ರೇಕು, ಹೊಗೆ ಉಗುಳುವ ಎಂಜಿನ್ನು ರಸ್ತೆಯಲ್ಲಿ ನಡೆಯುವ ಇನ್ನೊಬ್ಬ ಬಡವನಿಗೂ ಅಪಾಯ. ಆದ್ದರಿಂದ ಹದಿನೈದು ವರ್ಷಕ್ಕೊಮ್ಮೆ ಗಾಡಿಯನ್ನು ಪರೀಕ್ಷಿಸುವುದು ನ್ಯಾಯವೇ. ಅವಧಿ ಮುಗಿಯುವ ಮುನ್ನ ಮಾಲೀಕನಿಗೆ ಅವನ ಭಾಷೆಯಲ್ಲಿ ಒಂದು ಮಾತು ತಿಳಿಸುವುದು, ಹೋಬಳಿಯ ಕೇಂದ್ರದಲ್ಲಿ ವರ್ಷಕ್ಕೊಂದೆರಡು ದಿನ ಪರೀಕ್ಷಾ ಶಿಬಿರ ನಡೆಸುವುದು, ಇವೆರಡು ಆದರೆ ದಂಡದಿಂದಾಗುವುದಕ್ಕಿಂತ ಹೆಚ್ಚಿನ ಕೆಲಸವಾದೀತೆಂದು ನನ್ನ ಅಭಿಪ್ರಾಯ.

ರಸ್ತೆಯಲ್ಲಿ ತಡೆದರೆ ಗಾಡಿ ನಿಲ್ಲಿಸಿ, ಹೆಸರು ವಿಳಾಸ ಹೇಳಿ, ಇರುವ ದಾಖಲೆ ತೋರಿಸಿ. ೨೦೧೮ರ ತಿದ್ದುಪಡಿಯ ಮೇಲೆ ಡಿಜಿಲಾಕರಿನಲ್ಲಿರುವ ಪತ್ರಗಳಿಗೂ ಮಾನ್ಯತೆಯುಂಟು. ದಂಡ ಕಟ್ಟಿದರೆ ರಸೀತಿ, ಗಾಡಿಯನ್ನು ವಶಪಡಿಸಿಕೊಂಡರೆ ಅದಕ್ಕೊಂದು ಬರಹ ಕೇಳಿ ಪಡೆಯಿರಿ.

ಸಹಪಾಠಿ ಮಿತ್ರರಲ್ಲಿ ನನ್ನದೊಂದು ಬಿನ್ನಹ. ನಮ್ಮಲ್ಲಿ ಬಹುಮಂದಿ ಅಕ್ಷರ ಕಲಿತ ಮೊದಲ ತಲೆಮಾರಿನವರು. ಈ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಗಾಡಿಯ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದು ಅದರಲ್ಲಿರುವ ಕೊನೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ. ಅನಂತರ ಪಕ್ಕದ ಮನೆಯ ಕಾರ್ಡನ್ನೂ ಕೇಳಿ ನೋಡಿರಿ.