ಚಿತ್ರಕಥೆಯ ವೀರನೂ ದಾಂಪತ್ಯವೂ

ಚಿತ್ರಕಥೆಗಳನ್ನು ಮಕ್ಕಳ ಓದೆಂದು ಬದಿಗಿಡುವುದು ವಾಡಿಕೆ. ಆದರೂ ಅವುಗಳಿಂದ ಏಳುವ ಒಂದು ಪ್ರಶ್ನೆ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ವಿಚಾರಾರ್ಹವೆಂದು ನನ್ನ ಭಾವನೆ. ಅತಿಮಾನುಷ ಶಕ್ತಿಯುಳ್ಳ ಕಥಾನಾಯಕನಿಗೆ ಮದುವೆಯಾದರೆ ಅದು ಉಳಿಯಬೇಕೆ, ಬೇಡವೆ?

ಅಮೆರಿಕದ ಸ್ಪೈಡರ್‌ಮ್ಯಾನನನ್ನೇ ನೋಡೋಣ. ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಇವನನ್ನು ಸೃಷ್ಟಿಸಿದ್ದು 1962ರಲ್ಲಿ. ಆಗ ಪೀಟರ್ ಪಾರ್ಕರ್ ಶಾಲಾಬಾಲಕ. 1965ರಲ್ಲಿ ಕಾಲೇಜು ಸೇರಿದ. 1987ರಲ್ಲಿ ಮೇರಿ ಜೇನಳನ್ನು ವರಿಸಿದ. ಇಪ್ಪತ್ತು ವರ್ಷಗಳ ತರುವಾಯ, 2007ರಲ್ಲಿ, ‘ಒನ್ ಮೋರ್ ಡೇ’ ಎಂಬ ಕಥೆ ಬಂದಿತು. ಗುಂಡೇಟಿನಿಂದ ಸಾವಿನಂಚಿನಲ್ಲಿದ್ದ ಸಾಕುತಾಯಿ ಮೇಯನ್ನು ಉಳಿಸಲು ದಂಪತಿಗಳು ಮೆಫಿಸ್ಟೊ ಎಂಬ ಪಿಶಾಚಿಗೆ ತಮ್ಮ ದಾಂಪತ್ಯವನ್ನೇ ತೆತ್ತರು. ಅದು ವಿಚ್ಛೇದನವಲ್ಲ, ಮದುವೆ ನಡೆದೇ ಇರಲಿಲ್ಲವೆಂಬಂತೆ ಅಳಿಸಿಹೋಯಿತು.

ಆಗ ಮಾರ್ವೆಲ್ ಸಂಸ್ಥೆಯ ಪ್ರಧಾನ ಸಂಪಾದಕರಾಗಿದ್ದ ಜೋ ಕ್ವೆಸಾಡ ಅವರು, ಮದುವೆಯಿಂದ ನಾಯಕನಿಗೆ ವಯಸ್ಸಾದಂತೆ ಕಾಣುತ್ತದೆ, ಕಥೆಯ ದಾರಿಗಳು ಮುಚ್ಚುತ್ತವೆ ಎಂದು ವಾದಿಸುತ್ತಿದ್ದರು. ಈ ವಾದವನ್ನು ಲಘುವಾಗಿ ತಳ್ಳಿಹಾಕಲಾಗದು. ಕಾಲೇಜಿಗೆ ವರ್ಷವರ್ಷವೂ ಹೊಸಬರು ಬರುವಂತೆ ಇಂಥ ಕಥೆಗಳಿಗೂ ಹೊಸ ಎಳೆಯ ಓದುಗರು ಬರುತ್ತಾರೆ. ನಾಯಕ ತಮ್ಮ ವಯಸ್ಸಿನವನೇ ಆಗಿರಲೆಂದು ಅವರು ಬಯಸುವುದು ಸಹಜ.

ಆದರೆ ಇತರ ನಿದರ್ಶನಗಳು ಬೇರೆಯದನ್ನೇ ಹೇಳುತ್ತವೆ. 1938ರಲ್ಲಿ ಜನಿಸಿದ ಸೂಪರ್‌ಮ್ಯಾನ್ 1996ರಲ್ಲಿ ಲೋಯಿಸ್ ಲೇನಳನ್ನು ಮದುವೆಯಾದ. 2011ರಲ್ಲಿ ಕಥೆಯನ್ನು ಹೊಸದಾಗಿ ಆರಂಭಿಸಿ ಆ ಮದುವೆಯನ್ನು ಕೈಬಿಟ್ಟರು. 2016ರಲ್ಲಿ ಅದೇ ಸಂಸ್ಥೆ ಹೆಂಡತಿ, ಮಗನೊಡನೆ ಅವನನ್ನು ಮರಳಿ ತಂದಿತು. ಲೀ ಫಾಕ್ ಅವರ ಫ್ಯಾಂಟಮ್ 1964ರಿಂದ ಇಂದ್ರಜಾಲ ಕಾಮಿಕ್ಸ್ ಮೂಲಕ ನಮ್ಮ ದೇಶದಲ್ಲಿಯೂ ಮನೆಮಾತಾದವನು. ಅವನು 1977ರಲ್ಲಿ ಡಯಾನಾಳನ್ನು ವರಿಸಿದ. ಅವಳಿ ಮಕ್ಕಳ ತಂದೆಯಾದ. ಅವನ ಮುಖವಾಡ ತಂದೆಯಿಂದ ಮಗನಿಗೆ ಬರುವಂಥದು, ಅವನೇ ಇಪ್ಪತ್ತೊಂದನೆಯವನು. ಅಲ್ಲಿ ಸಂಸಾರವಿಲ್ಲದಿದ್ದರೆ ಕಥೆಯ ಬೇರೇ ಒಣಗುತ್ತದೆ.

ಮದುವೆಯೊಡನೆ ಕಥೆ ಮುಗಿಯುತ್ತದೆಂಬುದು ನಮ್ಮ ಕಾವ್ಯಪರಂಪರೆಗೆ ಒಪ್ಪದ ಮಾತು. ವಾಲ್ಮೀಕಿ ರಾಮಾಯಣದಲ್ಲಿ ಸೀತಾಕಲ್ಯಾಣ ಬಾಲಕಾಂಡದಲ್ಲಿಯೇ ಮುಗಿಯುತ್ತದೆ. ವನವಾಸ, ಅಪಹರಣ, ಯುದ್ಧಗಳೆಲ್ಲ ಆಮೇಲಿನವು. ಕಳೆದುಕೊಳ್ಳಲು ಏನಾದರೂ ಇದ್ದವನ ಶೌರ್ಯಕ್ಕೇ ಬೆಲೆ ಹೆಚ್ಚು.

ಹಾಗೆಂದು ಪ್ರತಿಯೊಬ್ಬ ವೀರನೂ ಗೃಹಸ್ಥನಾಗಲೇಬೇಕೆಂದು ನಾನು ಹೇಳುತ್ತಿಲ್ಲ. ಅವಿವಾಹಿತನಾಗಿರುವುದು ಕಥೆಗೆ ಒಪ್ಪಿದರೆ ಹಾಗೆಯೇ ಇರಲಿ. ಮದುವೆ ಮಾಡಿಸಿದ ಮೇಲೆ ಗಂಡಹೆಂಡಿರು ಮನಸ್ತಾಪದಿಂದ ಅಗಲಿದರೂ ಅದು ಮನುಷ್ಯರ ಕಥೆಯೇ. ಅದರ ನೋವನ್ನು ಅವರು ಹೊರುತ್ತಾರೆ. ನನ್ನ ಆಕ್ಷೇಪಣೆ ಅಳಿಸಿಹಾಕುವುದಕ್ಕೆ ಮಾತ್ರ. ಶಕ್ತಿಯಿದ್ದವನಿಗೆ ಹೊಣೆಯೂ ಉಂಟೆಂಬುದು ಸ್ಪೈಡರ್‌ಮ್ಯಾನನ ಮೊದಲ ಕಥೆಯ ಪಾಠ. ತಾನು ಏನನ್ನು ತೆತ್ತೆನೆಂಬ ನೆನಪೇ ಇಲ್ಲದವನು ಅದರ ಹೊಣೆಯನ್ನು ಹೊರುವುದಾದರೂ ಹೇಗೆ? ಇಪ್ಪತ್ತು ವರ್ಷ ಆ ಸಂಸಾರವನ್ನು ನಂಬಿ ಓದಿದವರಿಗಾದರೋ ಎಲ್ಲವೂ ನೆನಪಿದೆ.

ಆದುದರಿಂದ, ವೀರನಿಗೆ ಮದುವೆ ಮಾಡಿಸುವ ಮುನ್ನ ಲೇಖಕನು ನೂರು ಬಾರಿ ಯೋಚಿಸಲಿ. ಮಾಡಿಸಿದ ಮೇಲೆ ಆ ಮಾತಿಗೆ ಬದ್ಧನಾಗಿರಲಿ. ಮಾತಿಗೆ ತಪ್ಪದಿರುವುದನ್ನು ವೀರನಿಂದ ಬಯಸುವ ನಾವು ಅವನ ಕಥೆಗಾರನಿಂದಲೂ ಅದನ್ನೇ ಬಯಸುವುದು ನ್ಯಾಯವಲ್ಲವೆ?