ಈ ತಿಂಗಳು ಎಷ್ಟು ಚೀಲ ಪಶು ಆಹಾರ? ಮೊಬೈಲ್ ಶೀಟಿನಲ್ಲಿ ಲೆಕ್ಕ ಹಾಕಿ



ತಿರುಮಣಿ ಸುತ್ತ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರಿಗೆ ಆ ಹೊಲದ ಮೇವಿಲ್ಲ. ಕೊಂಡು ತರುವ ಆಹಾರದ ಲೆಕ್ಕವಾದರೂ ಸರಿಯಿರಬೇಕು.

ನಿಮ್ಮಲ್ಲಿ ಎರಡು ಮಿಶ್ರತಳಿ ಹಸುಗಳಿವೆ ಎಂದುಕೊಳ್ಳಿ. ಒಂದು ದಿನಕ್ಕೆ 9 ಲೀಟರ್, ಇನ್ನೊಂದು 6 ಲೀಟರ್ ಕೊಡುತ್ತದೆ. ಮೈ ನಿರ್ವಹಣೆಗೆ ಒಂದೂವರೆ ಕಿಲೋ, ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಎಂದು ಹಿಡಿದರೆ ಮೊದಲನೆಯದಕ್ಕೆ 5.1, ಎರಡನೆಯದಕ್ಕೆ 3.9, ಒಟ್ಟು ದಿನಕ್ಕೆ 9 ಕಿಲೋ. 30 ದಿನಕ್ಕೆ 270 ಕಿಲೋ. 50 ಕಿಲೋ ಚೀಲದಲ್ಲಿ ಭಾಗಿಸಿದರೆ 5.4.

ಇಲ್ಲೇ ತಪ್ಪುವುದು. ಶೀಟಿನ 'ರೌಂಡ್' ಸೂತ್ರ ಅರ್ಧಕ್ಕಿಂತ ಕಡಿಮೆ ಇರುವುದನ್ನು ಬಿಟ್ಟು 5 ಎನ್ನುತ್ತದೆ. ಐದು ಚೀಲ ತಂದರೆ 28ನೇ ದಿನ ಚೀಲದಲ್ಲಿ ಉಳಿಯುವುದು 7 ಕಿಲೋ ಮಾತ್ರ. ಆಹಾರ ಏಕಾಏಕಿ ಕಡಿಮೆಯಾದರೆ ಹಾಲೂ ಇಳಿಯುತ್ತದೆ.

ಅದಕ್ಕೇ 'ರೌಂಡಪ್' ಬಳಸಿ. ಬಿ2 ಮನೆಯಲ್ಲಿ 270 ಬರೆದು, ಪಕ್ಕದಲ್ಲಿ =ರೌಂಡಪ್(ಬಿ2/50,0) ಹಾಕಿದರೆ 6 ಬರುತ್ತದೆ. ಕೊನೆಯ ಸೊನ್ನೆ ಎಂದರೆ ಬಿಂದುವಿನ ನಂತರ ಅಂಕಿ ಬೇಡ ಎಂದು. ಸೂತ್ರವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಶಾಲೆಗೆ ಹೋಗುವ ಮಗಳು ಒಂದು ಸಲ ತೋರಿಸಿದರೆ ಸಾಕು. ಚೀಲದ ಬದಲು ಕಿಲೋ ಬೇಕಿದ್ದರೆ =ಸೀಲಿಂಗ್(ಬಿ2,50) ಎನ್ನಿ, 300 ತೋರಿಸುತ್ತದೆ.

ಆದರೆ ಒಂದೊಂದು ಹಸುವಿಗೂ ಬೇರೆ ಬೇರೆ ರೌಂಡಪ್ ಮಾಡಬೇಡಿ. 153 ಕಿಲೋಗೆ 4 ಚೀಲ, 117 ಕಿಲೋಗೆ 3 ಚೀಲ ಎಂದು 7 ಆಗಿಬಿಡುತ್ತದೆ. ಮೊದಲು ಕೂಡಿಸಿ, ಕೊನೆಗೆ ಒಮ್ಮೆ ಮಾತ್ರ ಏರಿಸಿ. ಹೆಚ್ಚಿನ ಚೀಲ ದುಡ್ಡು ಕಟ್ಟಿಹಾಕುವುದಷ್ಟೇ ಅಲ್ಲ, ತೇವ ತಗುಲಿ ಬೂಷ್ಟು ಹಿಡಿದರೆ ಅದರ ವಿಷ ಹಾಲಿಗೂ ಇಳಿಯುತ್ತದೆ.

ಆರನೇ ಚೀಲದಲ್ಲಿ ಉಳಿದ 30 ಕಿಲೋವನ್ನು ಮುಂದಿನ ತಿಂಗಳು ಕಳೆಯಿರಿ: =ರೌಂಡಪ್((270-30)/50,0). ಐದೇ ಚೀಲ ಸಾಕು.

ಹಾಲಿನ ಲೆಕ್ಕಕ್ಕೆ ಮಾತ್ರ ಈ ಸೂತ್ರ ಹತ್ತಿರ ತರಬೇಡಿ. ಪ್ರತಿ ಹೊತ್ತು 7.4 ಲೀಟರ್ ಹಾಕಿ ಪುಸ್ತಕದಲ್ಲಿ 8 ಎಂದು ಬರೆದರೆ, ತಿಂಗಳ 60 ಹೊತ್ತಿಗೆ 36 ಲೀಟರ್ ಇಲ್ಲದ ಹಾಲು ಸೇರುತ್ತದೆ. ಬಟವಾಡೆ ದಿನ ಲೆಕ್ಕ ತಾಳೆಯಾಗುವುದಿಲ್ಲ. ಸಂಘದ ಚೀಟಿಯಲ್ಲಿರುವ ಅಂಕಿಯನ್ನು ಬಿಂದು ಸಮೇತ ಹಾಗೇ ಬರೆಯಿರಿ.