ಕೇಳುವ ಮೊದಲೇ ಲೆಕ್ಕ ತೋರಿಸಿ: ವೀಕೆಂಡ್ ಲೀಗ್‌ನ ಖಜಾಂಚಿಗೆ 9 ಸೂತ್ರಗಳು

ಶನಿವಾರ ಬೆಳಗ್ಗೆ ಆರೂವರೆಗೆ ಬೆಂಗಳೂರಿನ ಯಾವುದೇ ಆಟದ ಮೈದಾನಕ್ಕೆ ಹೋಗಿ. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತವರು ಟೆನಿಸ್ ಬಾಲ್ ಹಿಡಿದು ರನ್‌ಅಪ್ ಅಳೆಯುತ್ತಿರುತ್ತಾರೆ. ಹುಬ್ಬಳ್ಳಿ, ಮಂಗಳೂರು, ದಾವಣಗೆರೆಯಲ್ಲೂ ಇದೇ ಹುರುಪು. ನಾನು ಆಡಿದ ಮೊದಲ ಲೀಗ್ ಎರಡೇ ಸೀಸನ್‌ಗೆ ನಿಂತುಹೋಯಿತು. ಯಾರೂ ಹಣ ತಿಂದಿರಲಿಲ್ಲ ಎಂದೇ ಇವತ್ತಿಗೂ ನಂಬಿದ್ದೇನೆ. ಆದರೆ ಫೈನಲ್ ಮುಗಿದ ಮೇಲೆ "ಎಷ್ಟು ಉಳಿಯಿತು?" ಎಂದು ಕೇಳಿದಾಗ ಸಂಘಟಕರಲ್ಲಿ ಮೂವರು ಮೂರು ಮೊತ್ತ ಹೇಳಿದರು. ಅಲ್ಲಿಗೆ ಸ್ನೇಹ ಕೆಟ್ಟಿತು. ಮುಂದಿನ ವರ್ಷ ತಂಡಗಳು ಬರಲಿಲ್ಲ. ನಿಮ್ಮ ಲೀಗ್‌ಗೆ ಆ ಗತಿ ಬರಬಾರದು. ಶುರುಮಾಡಿ.

1. ಖಜಾಂಚಿ ಕೆಲಸವನ್ನು ಕೇಳಿ ಪಡೆಯಿರಿ

"ನನಗೆ ಅಕೌಂಟ್ಸ್ ಬರಲ್ಲ" ಎನ್ನುವುದು ಬರೀ ಅಭ್ಯಾಸ. ಇವತ್ತೇ ಬಿಡಿ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಗೊತ್ತಿದ್ದರೆ ಸಾಕು. ನೂರಾರು ಜನರ ಹಣಕ್ಕೆ ಪೈಸೆ ಪೈಸೆ ಲೆಕ್ಕ ಕೊಟ್ಟವರು ಆಫೀಸಿನ ಬಜೆಟ್ ಮೀಟಿಂಗ್‌ನಲ್ಲಿ ತಲೆ ತಗ್ಗಿಸಿ ಕೂರುವುದಿಲ್ಲ. ಕೈ ಎತ್ತಿ.

2. ಮೊದಲು ಬಜೆಟ್, ಆಮೇಲೆ ಫೀಸು

ಹೆಚ್ಚಿನ ಲೀಗ್‌ಗಳು ಇಲ್ಲೇ ಎಡವುತ್ತವೆ. "ಹೋದ ವರ್ಷ ತಂಡಕ್ಕೆ ಐದು ಸಾವಿರ ಇತ್ತು, ಈ ವರ್ಷ ಆರು ಮಾಡೋಣ" ಎಂದು ಟೀ ಅಂಗಡಿಯಲ್ಲಿ ನಿರ್ಧಾರವಾಗುತ್ತದೆ. ಆ ಹೆಚ್ಚುವರಿ ಸಾವಿರ ಯಾತಕ್ಕೆ ಎಂದು ಕೇಳಿದರೆ ಉತ್ತರವಿಲ್ಲ. ನೀವು ಕಾಗದ ತೆಗೆದುಕೊಳ್ಳಿ, ಪಂದ್ಯಗಳ ಸಂಖ್ಯೆಯಿಂದ ಶುರುಮಾಡಿ.

ಒಂದು ಉದಾಹರಣೆ ಹಾಕಿ ನೋಡೋಣ. 12 ತಂಡ, ತಂಡಕ್ಕೆ 12 ಜನ, ಒಟ್ಟು 144 ಆಟಗಾರರು. ಮೂರು ಮೂರು ತಂಡಗಳ ನಾಲ್ಕು ಗುಂಪು ಮಾಡಿದರೆ ಗುಂಪಿನ ಹಂತದಲ್ಲಿ 12 ಪಂದ್ಯ, ಎರಡು ಸೆಮಿಫೈನಲ್, ಒಂದು ಫೈನಲ್, ಒಟ್ಟು 15. ದಿನಕ್ಕೆ ಐದು ಪಂದ್ಯವಾದರೆ ಮೂರು ದಿನ ಮೈದಾನ ಬೇಕು. ದಿನಕ್ಕೆ ₹10,000 ಬಾಡಿಗೆ ಎಂದರೆ ₹30,000. ಪಂದ್ಯಕ್ಕೆ ಇಬ್ಬರು ಅಂಪೈರ್, ತಲಾ ₹500, ಅಲ್ಲಿಗೆ ₹15,000. ಪಂದ್ಯಕ್ಕೆ ನಾಲ್ಕು ಬಾಲ್, ಬಾಲ್‌ಗೆ ₹100, ಒಟ್ಟು ₹6,000. ಟ್ರೋಫಿ, ಮೆಡಲ್‌ಗೆ ₹8,000. ನೀರು, ಗ್ಲೂಕೋಸ್, ತಿಂಡಿಗೆ ₹4,500. ಫ್ಲೆಕ್ಸ್ ಮತ್ತು ಸ್ಕೋರಿಂಗ್‌ಗೆ ₹2,000. ಫಸ್ಟ್ ಏಡ್‌ಗೆ ₹1,500. ಈ ಸಾಲನ್ನು ಯಾವ ಕಾರಣಕ್ಕೂ ಹೊಡೆದುಹಾಕಬೇಡಿ. ಎಲ್ಲ ಸೇರಿ ₹67,000. ಆಟಗಾರರಿಗೆ ತಲಾ ₹500 ಇಟ್ಟರೆ ₹72,000 ಬರುತ್ತದೆ. ಮಳೆಗೋ ಮುರಿದ ಸ್ಟಂಪ್‌ಗೋ ₹5,000 ಕೈಯಲ್ಲಿರುತ್ತದೆ.

ಈಗ ಇದನ್ನೇ ತಲೆಗೆ ಹಂಚಿ ತೋರಿಸಿ. ಒಬ್ಬ ಆಟಗಾರ ಕೊಟ್ಟ ₹500ರಲ್ಲಿ ಸುಮಾರು ₹208 ಮೈದಾನಕ್ಕೆ, ₹104 ಅಂಪೈರ್‌ಗಳಿಗೆ, ₹56 ಟ್ರೋಫಿಗೆ, ₹42 ಬಾಲ್‌ಗೆ. ₹72,000 ಎಂದರೆ ದೊಡ್ಡ ಮೊತ್ತ, ಅನುಮಾನ ಹುಟ್ಟುತ್ತದೆ. ₹208 ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. "ಟ್ರೋಫಿ ಚಿಕ್ಕದಿರಲಿ, ಇನ್ನೊಂದು ಹೊಸ ಬಾಲ್ ಕೊಡಿ" ಎಂದು ಆಟಗಾರರೇ ಸಲಹೆ ಕೊಡಲು ಶುರುಮಾಡುತ್ತಾರೆ. ನಿಮಗೆ ಬೇಕಾದ್ದು ಇಂಥ ಮಾತುಕತೆ.

3. ಲೀಗ್ ಹಣವನ್ನು ಸಂಬಳದ ಖಾತೆಗೆ ಹಾಕಿಸಿಕೊಳ್ಳಬೇಡಿ

ನಿಮ್ಮ ಇಎಂಐ, ಸ್ವಿಗ್ಗಿ ಆರ್ಡರ್, ಮನೆ ಬಾಡಿಗೆಯ ನಡುವೆ 12 ತಂಡಗಳ ಫೀಸು ಸೇರಿಕೊಂಡರೆ ಬೇರ್ಪಡಿಸುವಷ್ಟರಲ್ಲಿ ಸೀಸನ್ ಮುಗಿದಿರುತ್ತದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳ ಮುಂದೆ "ನೋ ಯುಪಿಐ" ಚೀಟಿ ತೂಗಿತು. ಸೇವೆಗೆ ₹20 ಲಕ್ಷ, ಸರಕಿಗೆ ₹40 ಲಕ್ಷದ ಜಿಎಸ್‌ಟಿ ಮಿತಿಯ ಹತ್ತಿರಕ್ಕೂ ನಿಮ್ಮ ಲೀಗ್ ಹೋಗುವುದಿಲ್ಲ, ಹೆದರಬೇಡಿ. ಪಾಠ ಮಾತ್ರ ಕಲಿಯಿರಿ: ಖಾತೆಗೆ ಬಂದ ಹಣ ನಿಮ್ಮದಲ್ಲ ಎಂದು ತೋರಿಸುವ ಹೊಣೆ ನಿಮ್ಮ ತಲೆಯ ಮೇಲೇ ಬರುತ್ತದೆ.

ವರ್ಷ ವರ್ಷವೂ ಲೀಗ್ ನಡೆಸುವ ಉದ್ದೇಶವಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿಸಿ. ಕನಿಷ್ಠ 7 ಜನ ಸದಸ್ಯರಿದ್ದರೆ ಸಾಕು. ಸಂಘದ ಹೆಸರಲ್ಲೇ ಪ್ಯಾನ್ ಮಾಡಿಸಿ, ಸಂಘದ ಹೆಸರಲ್ಲೇ ಖಾತೆ ತೆರೆಯಿರಿ, ಇಬ್ಬರ ಸಹಿ ಇದ್ದರೆ ಮಾತ್ರ ಹಣ ಹೊರಡುವಂತೆ ಮಾಡಿ. ಜಂಟಿ ಸಹಿಯ ಖಾತೆಯಿಂದ ಫೋನ್‌ನಲ್ಲಿ ಸಲೀಸಾಗಿ ಹಣ ಕಳಿಸಲು ಆಗದಿರಬಹುದು, ಚೆಕ್ ಬರೆಯಬೇಕಾಗಬಹುದು. ಆ ತೊಂದರೆ ತೆಗೆದುಕೊಳ್ಳಿ. ಈಗಲೇ ನೋಂದಣಿ ಬೇಡ ಎನ್ನುವವರು ಲೀಗ್‌ಗೆಂದೇ ಮೀಸಲಾದ ಒಂದು ಖಾತೆ ಇಟ್ಟು, ಅದರ ಪೂರ್ತಿ ಸ್ಟೇಟ್‌ಮೆಂಟನ್ನು ಎಲ್ಲ ಕ್ಯಾಪ್ಟನ್‌ಗಳಿಗೂ ಕಳಿಸಿ.

4. ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ

ಯುಪಿಐ ಪಾವತಿಗೆ 12 ಅಂಕಿಯ ರೆಫರೆನ್ಸ್ ನಂಬರ್ ಇರುತ್ತದೆ. ಅದನ್ನು ಶೀಟ್‌ನಲ್ಲಿ ಬರೆದುಕೊಳ್ಳಿ, ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿ. ಹಣ ಕಳಿಸುವಾಗ ತಂಡದ ಹೆಸರು ನಮೂದಿಸಲು ಹೇಳಿ. "ನಾವು ಕಟ್ಟಿದ್ದೆವಲ್ಲ" ಎಂಬ ವಾದ ಎರಡು ನಿಮಿಷದಲ್ಲಿ ಮುಗಿಯುತ್ತದೆ.

5. ಬಿಲ್ ಇಲ್ಲದ ಖರ್ಚಿಗೆ ವೋಚರ್ ಬರೆಯಿರಿ

ನೀರಿನ ಕ್ಯಾನ್ ತರುವವರು, ಪಿಚ್‌ಗೆ ನೀರು ಹೊಡೆಯುವವರು, ಸುಣ್ಣದ ಗೆರೆ ಎಳೆಯುವವರು ಬಿಲ್ ಕೊಡುವುದಿಲ್ಲ. ಅದಕ್ಕಾಗಿ ಅವರ ಕೂಲಿಯನ್ನು ಒಂದು ಗಂಟೆಯೂ ತಡಮಾಡಬೇಡಿ. ವೋಚರ್ ಪುಸ್ತಕ ಕಿಟ್ ಬ್ಯಾಗ್‌ನಲ್ಲೇ ಇರಲಿ. ತಾರೀಖು, ಹೆಸರು, ಮೊತ್ತ, ಯಾವ ಕೆಲಸ, ಸಹಿ, ಇಷ್ಟು ಬರೆಯಿರಿ. ₹5,000 ಮೀರಿದ ರಸೀದಿಗೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಅಂಟಿಸಿ. ಪಂದ್ಯದ ದಿನ ಕೈಯಲ್ಲಿ ಇಡುವ ನಗದಿಗೆ ಮಿತಿ ಹಾಕಿಕೊಳ್ಳಿ. ಸಂಜೆ ಮೈದಾನದಲ್ಲೇ ಎಣಿಸಿ. ಮನೆಗೆ ಹೋಗಿ ನೆನಪಿಸಿಕೊಂಡು ಬರೆದ ಲೆಕ್ಕ ಎಂದೂ ಸರಿಹೊಂದುವುದಿಲ್ಲ.

6. ಸಂಘಟಕರಿಗೆ ಏನು ಸಿಗುತ್ತದೆ ಎಂದು ಮೊದಲೇ ಬರೆದು ಹೇಳಿ

ಯಾರೂ ಬಾಯಿಬಿಟ್ಟು ಕೇಳದ ವಿಷಯ ಇದು. ಎಲ್ಲರ ಮನಸ್ಸಿನಲ್ಲೂ ಕುದಿಯುವುದೂ ಇದೇ. ಸಂಘಟಕರ ತಂಡಕ್ಕೆ ಫೀಸು ಮಾಫಿಯೇ? ಹೇಳಿ. ಓಡಾಟಕ್ಕೆ ಪೆಟ್ರೋಲ್ ಖರ್ಚು ತೆಗೆದುಕೊಳ್ಳುತ್ತೀರಾ? ಮೊತ್ತ ಬರೆಯಿರಿ. ಮೂರು ತಿಂಗಳು ದುಡಿದವರು ಗೌರವಧನ ಪಡೆಯುವುದು ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ. ಅದು ಬಜೆಟ್‌ನ ಸಾಲಿನಲ್ಲಿ ಕಾಣಬೇಕು, ಅಷ್ಟೇ. ಜೆರ್ಸಿ ಹೊಲಿಸುವ ಅಂಗಡಿ ನಿಮ್ಮ ಭಾವನದಾದರೆ ಅದನ್ನೂ ಹೇಳಿ, ಇನ್ನೆರಡು ಅಂಗಡಿಯ ಕೊಟೇಶನ್ ಪಕ್ಕದಲ್ಲಿ ಇಡಿ, ಆಯ್ಕೆಯನ್ನು ಬೇರೆಯವರಿಗೆ ಬಿಡಿ. ಸ್ಪಾನ್ಸರ್ ಹಣದ ಬದಲು ಟೀ ಶರ್ಟ್ ಕೊಟ್ಟರೆ ಎಷ್ಟು ಬಂದವು, ಯಾರಿಗೆ ಹೋದವು ಎಂದು ದಾಖಲಿಸಿ.

7. ಪ್ರತಿ ಭಾನುವಾರ ರಾತ್ರಿ ಲೆಕ್ಕ ಹಾಕಿ

ಸೀಸನ್ ಮುಗಿದ ಮೇಲೆ ಒಟ್ಟಿಗೆ ಕೊಡುತ್ತೇನೆ ಎನ್ನಬೇಡಿ. ಗೂಗಲ್ ಶೀಟ್ ಮಾಡಿ. ತಿದ್ದುವ ಅಧಿಕಾರ ಇಬ್ಬರಿಗೆ, ನೋಡುವ ಅಧಿಕಾರ ಎಲ್ಲರಿಗೆ. ಬಂದದ್ದು, ಹೋದದ್ದು, ಉಳಿದದ್ದು ಮೂರೂ ಒಂದೇ ಪರದೆಯಲ್ಲಿ ಕಾಣಲಿ. ನಮ್ಮ ಹಳೆಯ ದೇವಸ್ಥಾನಗಳ ಅಂಗಳದಲ್ಲಿ ದತ್ತಿ ಶಾಸನಗಳು ನಿಂತಿವೆ. ಯಾರು ಕೊಟ್ಟರು, ಎಷ್ಟು ಭೂಮಿ, ಯಾವ ಸೇವೆಗೆ ಎಂದು ಕಲ್ಲಿನಲ್ಲಿ ಕೊರೆದು ಹತ್ತು ಜನ ಓಡಾಡುವ ಕಡೆ ನೆಟ್ಟರು. ನಿಮಗೆ ಕಲ್ಲು ಬೇಡ, ಲಿಂಕ್ ಸಾಕು.

ಒಂದು ಎಚ್ಚರಿಕೆ. ತಂಡದ ಬಾಕಿಯನ್ನು ತೋರಿಸಿ, ವ್ಯಕ್ತಿಯ ಕಷ್ಟವನ್ನು ತೋರಿಸಬೇಡಿ. ಕೆಲಸ ಕಳೆದುಕೊಂಡ ಗೆಳೆಯನಿಗೆ ಫೀಸು ಬಿಟ್ಟಿದ್ದರೆ "ರಿಯಾಯಿತಿ ₹500" ಎಂದು ಬರೆದರೆ ಸಾಕು. ಹೆಸರು ಲೆಕ್ಕ ಪರಿಶೀಲಿಸುವವರಿಗೆ ಮಾತ್ರ ಗೊತ್ತಿರಲಿ.

8. ಹೊರಗಿನವರಿಂದ ತಪಾಸಣೆ ಮಾಡಿಸಿ, ಪ್ರಶ್ನೆಗೆ ಸಿಟ್ಟಾಗಬೇಡಿ

ಕಮಿಟಿಯಲ್ಲಿಲ್ಲದ ಇಬ್ಬರು ಕ್ಯಾಪ್ಟನ್‌ಗಳನ್ನು ಚೀಟಿ ಎತ್ತಿ ಆರಿಸಿ. ಬಿಲ್, ವೋಚರ್, ಸ್ಟೇಟ್‌ಮೆಂಟ್ ಅವರ ಕೈಗೆ ಕೊಡಿ. ಬಿಸಿಸಿಐ ಸುಧಾರಣೆಗೆ ರಚನೆಯಾದ ಲೋಧಾ ಸಮಿತಿಯ ಹೆಚ್ಚಿನ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2016ರ ಜುಲೈ 18ರಂದು ಒಪ್ಪಿಕೊಂಡಿತು. ಬಿಸಿಸಿಐನ ಅಪೆಕ್ಸ್ ಕೌನ್ಸಿಲ್‌ನಲ್ಲಿ ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿ ಕಡೆಯ ಪ್ರತಿನಿಧಿಯೊಬ್ಬರು ಇರಬೇಕು ಎಂಬುದು ಆ ಸಮಿತಿಯ ಸಲಹೆಗಳಲ್ಲೊಂದು. ಅಷ್ಟು ದೊಡ್ಡ ಸಂಸ್ಥೆಗೇ ಹೊರಗಿನ ಕಣ್ಣು ಬೇಕಾಯಿತು. ನಿಮ್ಮ ಲೀಗ್‌ಗೂ ಬೇಕು.

"ನನ್ನ ಮೇಲೆ ನಂಬಿಕೆ ಇಲ್ವಾ?" ಎಂಬ ವಾಕ್ಯವನ್ನು ನಿಮ್ಮ ಬಾಯಿಂದ ಅಳಿಸಿಹಾಕಿ. ಲೆಕ್ಕ ಕೇಳಿದವನು ನಿಮ್ಮನ್ನು ಬಯ್ಯುತ್ತಿಲ್ಲ, ತನ್ನ ₹500 ಕೇಳುತ್ತಿದ್ದಾನೆ. ಎರಡು ದಿನದೊಳಗೆ ದಾಖಲೆ ಸಮೇತ ಉತ್ತರಿಸಿ. ತಪ್ಪು ನಿಮ್ಮದಾಗಿದ್ದರೆ ಗುಂಪಿನಲ್ಲೇ ಒಪ್ಪಿಕೊಂಡು, ಹಳೆಯ ಅಂಕಿ ಅಳಿಸದೆ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ.

9. ಮಳೆಯ ನಿಯಮವೂ ಉಳಿದ ಹಣದ ನಿಯಮವೂ ಮೊದಲ ದಿನವೇ ಇರಲಿ

ಪಂದ್ಯ ಮಳೆಗೆ ಕೊಚ್ಚಿಹೋದರೆ ಮೈದಾನದವರು ಅಡ್ವಾನ್ಸ್ ವಾಪಸ್ ಕೊಡುತ್ತಾರೆಯೇ, ಬೇರೆ ದಿನ ಕೊಡುತ್ತಾರೆಯೇ? ಬುಕ್ ಮಾಡುವಾಗಲೇ ಬರೆಸಿಕೊಳ್ಳಿ. ತಂಡ ಅರ್ಧಕ್ಕೆ ಬಿಟ್ಟುಹೋದರೆ ಎಷ್ಟು ಮರಳಿಸುತ್ತೀರಿ? ಫಿಕ್ಸ್ಚರ್ ಹಾಳೆಯ ಕೆಳಗೇ ಬರೆಯಿರಿ. ಉಳಿದ ಹಣದಲ್ಲಿ ಸಂಘಟಕರು ಪಾರ್ಟಿ ಮಾಡಬೇಡಿ. ಮುಂದಿನ ಸೀಸನ್‌ಗೆ ಇಡಬೇಕೋ ತಂಡಗಳಿಗೆ ಹಂಚಬೇಕೋ ಕ್ಯಾಪ್ಟನ್‌ಗಳು ಕೈ ಎತ್ತಿ ತೀರ್ಮಾನಿಸಲಿ.

ಕೊನೆಗೆ, ಲೆಕ್ಕವನ್ನು ಮುಂದಿನವರಿಗೆ ಒಪ್ಪಿಸುವ ಮಾತು. ಕೊಡಗಿನ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ನೋಡಿ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ ಶುರುಮಾಡಿದ್ದು. ಒಂದೊಂದು ಸಲ ಒಂದೊಂದು ಕುಟುಂಬ ಆತಿಥ್ಯ ಹೊತ್ತು ಅದನ್ನು ಮುಂದಕ್ಕೆ ತಂದಿದೆ. ನಿಮ್ಮ ಲೀಗ್ ಕೂಡ ನಿಮ್ಮ ಕೈ ದಾಟಿ ಹೋಗಬೇಕು. ಹೊಸ ಖಜಾಂಚಿಯನ್ನು ಎದುರಿಗೆ ಕೂರಿಸಿಕೊಳ್ಳಿ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಿ. ಪಾಸ್‌ವರ್ಡ್, ವೋಚರ್ ಪುಸ್ತಕ, ಮೈದಾನದವರ ಡಿಪಾಸಿಟ್ ರಸೀದಿ, ಉಳಿದ ಬಾಲ್‌ಗಳ ಎಣಿಕೆ, ಎಲ್ಲವನ್ನೂ ಪಟ್ಟಿ ಮಾಡಿ ಒಪ್ಪಿಸಿ, ಇಬ್ಬರೂ ಸಹಿ ಹಾಕಿ. ನಿಮ್ಮ ಶೀಟ್‌ನ ಕೊನೆಯ ಸಾಲಿನ ₹5,000 ಅವರ ಹೊಸ ಶೀಟ್‌ನ ಮೊದಲ ಸಾಲಿಗೆ ಇಳಿದದ್ದನ್ನು ಕಣ್ಣಾರೆ ನೋಡಿಯೇ ಎದ್ದು ಬನ್ನಿ.